ಪ್ರೌಢಶಾಲೆಯಿಂದ ಕಾಲೇಜಿಗೆ: ಮೊದಲ ವರ್ಷದ ಸ್ವರೂಪ

ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ, ಅಂಕಪಟ್ಟಿಯನ್ನೂ ವರ್ಗಾವಣೆ ಪತ್ರವನ್ನೂ ಕೈಯಲ್ಲಿ ಹಿಡಿದು ಪದವಿಪೂರ್ವ ಕಾಲೇಜಿನ ಕಚೇರಿಯ ಮುಂದೆ ನಿಲ್ಲುವ ವಿದ್ಯಾರ್ಥಿಯ ಮನಸ್ಸಿನಲ್ಲಿ ಹರ್ಷವೂ ಅಳುಕೂ ಸಮಪ್ರಮಾಣದಲ್ಲಿ ಇರುತ್ತವೆ. ಅಂದಿನವರೆಗೆ ಅವನನ್ನು ಬಲ್ಲವರು ಹಲವರಿದ್ದರು. ಅವನ ಅಕ್ಷರ ಎಂಥದು, ಅವನು ಗಣಿತದಲ್ಲಿ ಎಲ್ಲಿ ಎಡವುತ್ತಾನೆ, ಅವನ ತಂದೆ ಯಾವ ಊರಿನವರು, ಮನೆಯಲ್ಲಿ ಎಷ್ಟು ಎಕರೆ ಜಮೀನಿದೆ ಎಂಬುದೆಲ್ಲ ಗುರುಗಳಿಗೆ ಗೊತ್ತಿತ್ತು. ಕಾಲೇಜಿನಲ್ಲಾದರೋ ಅವನು ಹಾಜರಿ ಪುಸ್ತಕದ ಒಂದು ಸಂಖ್ಯೆ ಮಾತ್ರ. ಈ ಸ್ಥಿತ್ಯಂತರವನ್ನು ಮುಂದಾಗಿಯೇ ತಿಳಿದವನು ಅದನ್ನು ದಾಟುತ್ತಾನೆ. ತಿಳಿಯದೆ ಹೋದವನು ಮೊದಲ ಮೂರು ತಿಂಗಳುಗಳಲ್ಲಿಯೇ ಕಂಗೆಡುತ್ತಾನೆ. ಹೀಗೆ ಕಂಗೆಟ್ಟು ಪುಸ್ತಕದ ಗಂಟನ್ನು ಕಟ್ಟಿ ಊರಿಗೆ ಮರಳಿದವರಲ್ಲಿ ದಡ್ಡರಿಗಿಂತ ಜಾಣರೇ ಹೆಚ್ಚೆಂಬುದು ವಿಷಾದದ ಸಂಗತಿ. ಆದಕಾರಣ ಆ ಮೊದಲ ವರ್ಷದ ಸ್ವರೂಪವನ್ನು ಸ್ವಲ್ಪ ವಿವರವಾಗಿ ಪರಿಶೀಲಿಸುವುದು ಉಚಿತ.

ಮೊದಲು ಬಾಹ್ಯ ವ್ಯವಸ್ಥೆಯನ್ನು ನೋಡಬಹುದು. ಎಸ್.ಎಸ್.ಎಲ್.ಸಿ.ಯಲ್ಲಿ ಮೂರು ಭಾಷೆಗಳು, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಎಂದು ಆರು ವಿಷಯಗಳು, ಒಟ್ಟು 625 ಅಂಕಗಳು. ಪದವಿಪೂರ್ವ ತರಗತಿಯಲ್ಲಿಯೂ ವಿಷಯಗಳು ಆರೇ. ಆದರೆ ಎರಡು ಭಾಷೆಗಳು ಮತ್ತು ನಾಲ್ಕು ಐಚ್ಛಿಕ ವಿಷಯಗಳು, ಒಟ್ಟು 600 ಅಂಕಗಳು. ಸಂಖ್ಯೆ ಬದಲಾಗದಿರುವುದರಿಂದ ಹೊರೆಯೂ ಬದಲಾಗಿಲ್ಲವೆಂದು ಭಾವಿಸಬಾರದು. ಪ್ರೌಢಶಾಲೆಯಲ್ಲಿ ಒಂದೇ ಪುಸ್ತಕದೊಳಗೆ ಅಡಗಿದ್ದ ವಿಜ್ಞಾನವು ಇಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳೆಂದು ಮೂರಾಗಿ ಕವಲೊಡೆಯುತ್ತದೆ. ಒಂದೊಂದು ಕವಲೂ ಹಿಂದಿನ ಇಡೀ ಮರಕ್ಕಿಂತ ದೊಡ್ಡದು. ಸಮಾಜ ವಿಜ್ಞಾನವು ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರಗಳಾಗುತ್ತದೆ. ವಾಣಿಜ್ಯ ವಿಭಾಗಕ್ಕೆ ಬರುವ ವಿದ್ಯಾರ್ಥಿಗೆ ಲೆಕ್ಕಶಾಸ್ತ್ರವು ಸಂಪೂರ್ಣವಾಗಿ ಹೊಸದು. ಆದರೂ ಊರಿನ ಕಿರಾಣಿ ಅಂಗಡಿಯ ಉದ್ದರಿ ಪುಸ್ತಕವನ್ನು ನೋಡಿ ಬಲ್ಲ ಹುಡುಗನಿಗೆ ಅದರ ತಿರುಳು ಅಪರಿಚಿತವಲ್ಲ. ಅಂಗಡಿಗೆ ಬಂದ ಸರಕು ಯಾವ ಲೆಕ್ಕದಲ್ಲಿ, ಹೋದ ಹಣ ಯಾವ ಲೆಕ್ಕದಲ್ಲಿ ಎಂದು ಒಂದೇ ವ್ಯವಹಾರವನ್ನು ಎರಡು ಕಡೆ ಬರೆಯುವುದೇ ಆ ಶಾಸ್ತ್ರದ ಮೂಲ.

ವಿಷಯಗಳ ಆಯ್ಕೆಯ ಬಗ್ಗೆ ಒಂದು ಮಾತು. ಪಿ.ಸಿ.ಎಂ.ಬಿ., ಎಚ್.ಇ.ಪಿ.ಎಸ್. ಮೊದಲಾದ ಅಕ್ಷರಗುಚ್ಛಗಳು ಪ್ರವೇಶದ ದಿನಗಳಲ್ಲಿ ಎಲ್ಲರ ಬಾಯಲ್ಲಿಯೂ ಇರುತ್ತವೆ. ಹೆಚ್ಚು ಅಂಕ ಬಂದವರು ವಿಜ್ಞಾನಕ್ಕೆ, ಮಧ್ಯಮರು ವಾಣಿಜ್ಯಕ್ಕೆ, ಉಳಿದವರು ಕಲೆಗೆ ಎಂಬ ಅಲಿಖಿತ ನಿಯಮವೊಂದು ನಮ್ಮ ಸಮಾಜದಲ್ಲಿ ಬೇರೂರಿಬಿಟ್ಟಿದೆ. ಇದಕ್ಕಿಂತ ಅವಿಚಾರದ ನಿಯಮ ಮತ್ತೊಂದಿಲ್ಲ. ಇತಿಹಾಸವನ್ನು ಪ್ರೀತಿಸುವ ಹುಡುಗಿಯನ್ನು, ಆಕೆಗೆ ಅಂಕ ಬಂದಿದೆ ಎಂಬ ಒಂದೇ ಕಾರಣಕ್ಕೆ ಭೌತಶಾಸ್ತ್ರದ ಕೋಣೆಯಲ್ಲಿ ಕೂರಿಸುವುದು ಅಂಕಗಳಿಗೆ ವಿಧಿಸಿದ ದಂಡದಂತೆಯೇ ಸರಿ. ಕಲಾ ವಿಭಾಗದಲ್ಲಿ ಕನ್ನಡದಲ್ಲಿಯೇ ಓದಿ ಕನ್ನಡದಲ್ಲಿಯೇ ಬರೆಯುವ ಅವಕಾಶವಿದೆ. ಐಚ್ಛಿಕ ಕನ್ನಡವನ್ನು ಆಯ್ದುಕೊಂಡು ಸಾಹಿತ್ಯವನ್ನು ಶಾಸ್ತ್ರೀಯವಾಗಿ ಅಭ್ಯಸಿಸುವ ದಾರಿಯಿದೆ. ಕೈಕೆಲಸದಲ್ಲಿ, ಯಂತ್ರಗಳಲ್ಲಿ ಆಸಕ್ತಿಯುಳ್ಳವರಿಗೆ ಪಾಲಿಟೆಕ್ನಿಕ್ಕಿನ ಮೂರು ವರ್ಷಗಳ ಡಿಪ್ಲೊಮಾ ಉಂಟು. ಅದನ್ನು ಮುಗಿಸಿದವರು ಇಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೇ ಪ್ರವೇಶ ಪಡೆಯಬಲ್ಲರು. ಆಯ್ಕೆ ತಪ್ಪಿತೆಂದು ಮನಗಂಡವನು ಮೊದಲ ವಾರಗಳಲ್ಲಿಯೇ ಪ್ರಾಚಾರ್ಯರನ್ನು ಕಂಡು ಕೇಳಬೇಕು. ದಸರೆಯ ತನಕ ಸಹಿಸಿ ಆಮೇಲೆ ಅಳುವುದರಿಂದ ಪ್ರಯೋಜನವಿಲ್ಲ.

ಇನ್ನು ಮುಖ್ಯ ತೊಡಕಿಗೆ ಬರೋಣ. ಕನ್ನಡ ಮಾಧ್ಯಮದಲ್ಲಿ ಹತ್ತು ವರ್ಷ ಓದಿ ವಿಜ್ಞಾನ ವಿಭಾಗವನ್ನು ಸೇರುವ ವಿದ್ಯಾರ್ಥಿಯನ್ನು ಜೂನ್ ತಿಂಗಳಿನಲ್ಲಿ ಎದುರುಗೊಳ್ಳುವುದು ಇಂಗ್ಲಿಷ್ ಭಾಷೆಯ ಪಾಠ. ಉಪನ್ಯಾಸಕರು ಫಲಕದ ಮೇಲೆ ಸೂತ್ರವನ್ನು ಬರೆದು 'ಮೊಮೆಂಟಮ್' ಎಂದು ಹೇಳುತ್ತಾರೆ. ಹುಡುಗ ದಿಗಿಲುಗೊಳ್ಳುತ್ತಾನೆ. ವಾಸ್ತವವಾಗಿ ಅದು ಅವನ ಹಳೆಯ ಪರಿಚಯದ 'ಸಂವೇಗ'ವೇ. ರಾಶಿಯನ್ನು ವೇಗದಿಂದ ಗುಣಿಸಿದರೆ ಬರುವುದು ಎಂದು ಅವನು ಪ್ರೌಢಶಾಲೆಯಲ್ಲಿಯೇ ಕಲಿತಿದ್ದಾನೆ. ವೇಷ ಬದಲಿಸಿ ಬಂದ ಬಂಧುವನ್ನು ಗುರುತಿಸಲಾರದೆ ಬಾಗಿಲಲ್ಲಿಯೇ ನಿಲ್ಲಿಸಿದಂತೆ ಅವನು ತನ್ನ ಜ್ಞಾನವನ್ನೇ ಹೊರಗೆ ನಿಲ್ಲಿಸುತ್ತಾನೆ. ವೇಗೋತ್ಕರ್ಷವು 'ಆಕ್ಸಿಲರೇಷನ್', ಜಡತ್ವವು 'ಇನರ್ಷಿಯಾ', ಪ್ರತ್ಯಾಮ್ಲವು 'ಬೇಸ್', ದ್ಯುತಿಸಂಶ್ಲೇಷಣೆಯು 'ಫೋಟೋಸಿಂಥೆಸಿಸ್' ಎಂದು ತಿಳಿದ ಕ್ಷಣದಲ್ಲಿ ಅರ್ಧ ಪಾಠ ಅರ್ಥವಾಗಿರುತ್ತದೆ.

ಕೆಲವು ಪದಗಳಂತೂ ಬೇರೆ ಬಗೆಯಲ್ಲಿ ಮೋಸಗೊಳಿಸುತ್ತವೆ. 'ಪವರ್' ಎಂಬುದನ್ನು ಜನರು ದಿನನಿತ್ಯ ಬಳಸುತ್ತಾರೆ. ದೀಪ ಆರಿದರೆ 'ಪವರ್ ಹೋಯಿತು' ಎನ್ನುತ್ತಾರೆ. ಅದನ್ನೇ 'ಶಕ್ತಿ' ಎಂದುಕೊಂಡ ವಿದ್ಯಾರ್ಥಿಯು ಭೌತಶಾಸ್ತ್ರದಲ್ಲಿ ಎಡವುತ್ತಾನೆ. ಕನ್ನಡ ಪಠ್ಯದ 'ಶಕ್ತಿ'ಯು ಇಂಗ್ಲಿಷಿನ 'ಎನರ್ಜಿ'. 'ಪವರ್' ಎಂಬುದು 'ಸಾಮರ್ಥ್ಯ', ಅಂದರೆ ಕೆಲಸ ನಡೆಯುವ ದರ. ನೂರು ಮೆಟ್ಟಿಲುಗಳನ್ನು ಮುದುಕನೊಬ್ಬ ಹತ್ತು ನಿಮಿಷಗಳಲ್ಲಿ ಏರಿದರೂ ಅಷ್ಟೇ ತೂಕದ ಯುವಕನೊಬ್ಬ ಎರಡು ನಿಮಿಷಗಳಲ್ಲಿ ಏರಿದರೂ ಗುರುತ್ವಕ್ಕೆ ವಿರುದ್ಧವಾಗಿ ನಡೆದ ಕೆಲಸ ಒಂದೇ. ಸಾಮರ್ಥ್ಯ ಮಾತ್ರ ಐದು ಪಟ್ಟು. ಈ ಭೇದವನ್ನು ಕನ್ನಡದಲ್ಲಿ ಗ್ರಹಿಸಿದವನಿಗೆ ಇಂಗ್ಲಿಷಿನಲ್ಲಿ ಬರೆಯುವುದು ಕಠಿಣವಲ್ಲ. ಗ್ರಹಿಸದೆ ಬಾಯಿಪಾಠ ಮಾಡಿದವನಿಗೆ ಯಾವ ಭಾಷೆಯೂ ನೆರವಾಗದು.

ಇದಕ್ಕೆ ಪರಿಹಾರವೂ ಸರಳವಾಗಿಯೇ ಇದೆ. ಇನ್ನೂರು ಪುಟಗಳ ಒಂದು ಟಿಪ್ಪಣಿ ಪುಸ್ತಕವನ್ನು ತೆಗೆದುಕೊಂಡು, ಪುಟದ ನಡುವೆ ಗೆರೆ ಎಳೆದು, ಎಡಗಡೆ ಇಂಗ್ಲಿಷ್ ಪದವನ್ನೂ ಬಲಗಡೆ ಕನ್ನಡ ಪದವನ್ನೂ ಅದರ ಕೆಳಗೆ ಒಂದು ಸಾಲಿನ ವಿವರಣೆಯನ್ನೂ ಬರೆಯುತ್ತ ಹೋಗಬೇಕು. ದಿನಕ್ಕೆ ಎಂಟು ಪದಗಳಾದರೂ ಸಾಕು. ದಸರಾ ರಜೆಯ ಹೊತ್ತಿಗೆ ಆರುನೂರಕ್ಕೂ ಮಿಕ್ಕಿ ಪದಗಳು ಸ್ವಾಧೀನವಾಗಿರುತ್ತವೆ. ಇದನ್ನು ಬೇರೆಯವರ ಪುಸ್ತಕದಿಂದ ನಕಲು ಮಾಡಿದರೆ ಫಲವಿಲ್ಲ. ತಾನು ಕೇಳಿ, ತಾನು ಹುಡುಕಿ, ತನ್ನ ಕೈಯಿಂದ ಬರೆದ ಪದವೇ ನೆನಪಿನಲ್ಲಿ ನಿಲ್ಲುತ್ತದೆ.

ಈ ತೊಡಕಿನಲ್ಲಿ ಸಿಲುಕಿದವರು ತಾವೊಬ್ಬರೇ ಎಂದು ಭಾವಿಸಿ ನಾಚುವ ವಿದ್ಯಾರ್ಥಿಗಳು ಮಹಾತ್ಮ ಗಾಂಧಿಯವರ ಆತ್ಮಕಥೆಯನ್ನು ಓದಬೇಕು. ರಾಜಕೋಟೆಯ ಶಾಲೆಯಲ್ಲಿ ಪಾಠಗಳು ಇಂಗ್ಲಿಷಿಗೆ ತಿರುಗಿದಾಗ ಅವರಿಗೆ ರೇಖಾಗಣಿತವು ಏನೂ ತಿಳಿಯದಾಯಿತು. ಹಿಂದಿನ ತರಗತಿಗೆ ಮರಳಿಬಿಡಲೇ ಎಂದು ಕೂಡ ಅವರು ಯೋಚಿಸಿದರು. ಯೂಕ್ಲಿಡನ ಹದಿಮೂರನೆಯ ಪ್ರಮೇಯಕ್ಕೆ ಬಂದಾಗ, ಇದು ಕೇವಲ ವಿಚಾರಶಕ್ತಿಯ ವಿಷಯವೆಂದು ಹೊಳೆದು, ಆ ಬಳಿಕ ಅದು ಅವರಿಗೆ ಸುಲಭವೂ ಪ್ರಿಯವೂ ಆಯಿತು. ಕಥೆ ಅಲ್ಲಿಗೆ ಮುಗಿಯಲಿಲ್ಲ. 1888ರಲ್ಲಿ ಅವರು ಭಾವನಗರದ ಸಾಮಲದಾಸ ಕಾಲೇಜನ್ನು ಸೇರಿದರು. ಅಲ್ಲಿ ಪ್ರಾಧ್ಯಾಪಕರ ಉಪನ್ಯಾಸಗಳನ್ನು ಅನುಸರಿಸಲು ಅವರಿಂದ ಸಾಧ್ಯವಾಗಲೇ ಇಲ್ಲ. ದೋಷ ಅಧ್ಯಾಪಕರದಲ್ಲ, ತಾನೇ ಅಪಕ್ವನಾಗಿದ್ದೆ ಎಂದು ಅವರು ಒಪ್ಪಿಕೊಂಡಿದ್ದಾರೆ. ಮೊದಲ ಅವಧಿಯ ಕೊನೆಗೆ ಅವರು ಮನೆಗೆ ಮರಳಿದರು. ಅದೇ ವರ್ಷ ಇಂಗ್ಲೆಂಡಿಗೆ ತೆರಳಿ, ಲಂಡನ್ನಿನ ಮೆಟ್ರಿಕ್ಯುಲೇಷನ್ ಪರೀಕ್ಷೆಗೆ ಕುಳಿತು ಲ್ಯಾಟಿನ್ ಭಾಷೆಯಲ್ಲಿ ಅನುತ್ತೀರ್ಣರಾಗಿ, ಎರಡನೆಯ ಸಲ ಅದನ್ನು ಗೆದ್ದರು.

ಇದಕ್ಕೆ ಪ್ರತಿಯಾಗಿ ಶ್ರೀನಿವಾಸ ರಾಮಾನುಜನ್ನರ ಉದಾಹರಣೆಯನ್ನು ಕೆಲವರು ಎತ್ತುವುದುಂಟು. 1904ರಲ್ಲಿ ಅವರು ವಿದ್ಯಾರ್ಥಿವೇತನದೊಂದಿಗೆ ಕುಂಭಕೋಣದ ಸರ್ಕಾರಿ ಕಾಲೇಜನ್ನು ಸೇರಿದರು. ಗಣಿತವೊಂದನ್ನೇ ಹಿಡಿದು ಉಳಿದ ವಿಷಯಗಳನ್ನು ಅಲಕ್ಷಿಸಿದ್ದರಿಂದ ಇಂಗ್ಲಿಷಿನಲ್ಲಿ ತಪ್ಪಿ ವಿದ್ಯಾರ್ಥಿವೇತನವನ್ನು ಕಳೆದುಕೊಂಡರು. ಮುಂದೆ ಮದರಾಸಿನ ಪಚ್ಚಯ್ಯಪ್ಪ ಕಾಲೇಜಿನಲ್ಲಿಯೂ ಅದೇ ಕಥೆ. ಇದರಿಂದ, ಕಾಲೇಜಿನಲ್ಲಿ ತಪ್ಪಿದರೂ ಲೋಕವಿಖ್ಯಾತರಾಗಬಹುದು ಎಂಬ ನೀತಿಯನ್ನು ಹೊರಡಿಸುವವರು, ನಡುವಿನ ವರ್ಷಗಳನ್ನು ಮರೆತುಬಿಡುತ್ತಾರೆ. 1912ರಲ್ಲಿ ಮದರಾಸು ಬಂದರು ಕಚೇರಿಯಲ್ಲಿ ಗುಮಾಸ್ತೆಯ ಕೆಲಸ ದೊರೆಯುವವರೆಗೆ ಅವರು ಪಟ್ಟ ಬಡತನವು ಅವರ ಪ್ರತಿಭೆಗೆ ಸಹಾಯ ಮಾಡಿತೆಂದು ಯಾರು ಹೇಳಬಲ್ಲರು? ಪ್ರಿಯವಾದ ವಿಷಯಕ್ಕೆ ಹೆಚ್ಚು ಕಾಲ ಕೊಡುವುದು ಸಹಜ. ಅಪ್ರಿಯವಾದ ಭಾಷಾ ವಿಷಯಕ್ಕೆ ದಿನಕ್ಕೆ ಅರ್ಧ ಗಂಟೆಯನ್ನಾದರೂ ಮೀಸಲಿಡುವುದು ವಿವೇಕ.

ಪಾಠ ಕೇಳುವ ಕ್ರಮವೂ ಇಲ್ಲಿ ಬೇರೆ. ಪ್ರೌಢಶಾಲೆಯಲ್ಲಿ ಗುರುಗಳು ಪ್ರಶ್ನೋತ್ತರಗಳನ್ನು ಫಲಕದ ಮೇಲೆ ಬರೆದು, ಬರೆದುಕೊಂಡದ್ದನ್ನು ತಿದ್ದಿ, ಸಹಿ ಹಾಕುತ್ತಿದ್ದರು. ಕಾಲೇಜಿನ ಉಪನ್ಯಾಸಕರು ಒಂದು ಗಂಟೆ ಮಾತನಾಡಿ ಹೊರಟುಹೋಗುತ್ತಾರೆ. ಹೇಳಿದ್ದನ್ನೆಲ್ಲ ಬರೆಯಲು ಹೊರಟವನಿಗೆ ಕೇಳಲು ಪುರಸೊತ್ತಿರುವುದಿಲ್ಲ. ಏನನ್ನೂ ಬರೆಯದವನಿಗೆ ಸಾಯಂಕಾಲಕ್ಕೆ ಏನೂ ಉಳಿದಿರುವುದಿಲ್ಲ. ಶೀರ್ಷಿಕೆ, ವ್ಯಾಖ್ಯೆ, ಸೂತ್ರ, ಚಿತ್ರ, ಒಂದು ಉದಾಹರಣೆ, ಇಷ್ಟನ್ನು ಮಾತ್ರ ಬರೆದುಕೊಂಡು, ತಿಳಿಯದ ಕಡೆ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಅಂದು ರಾತ್ರಿಯೇ ಪಠ್ಯಪುಸ್ತಕವನ್ನು ತೆರೆದು ಬಿಟ್ಟುಹೋದ ಭಾಗವನ್ನು ತುಂಬಬೇಕು. ಮೂರನೆಯ ದಿನಕ್ಕೆ ಆ ಬರಹ ಬರೆದವನಿಗೇ ಅರ್ಥವಾಗುವುದಿಲ್ಲ. ಪ್ರಶ್ನಾರ್ಥಕ ಚಿಹ್ನೆ ಹಾಗೆಯೇ ಉಳಿದರೆ ಮರುದಿನ ಉಪನ್ಯಾಸಕರನ್ನು ಕೇಳಬೇಕು. ತರಗತಿಯಲ್ಲಿ ಎದ್ದು ನಿಂತು ಇಂಗ್ಲಿಷಿನಲ್ಲಿ ಕೇಳಲು ಸಂಕೋಚವಾದರೆ ಅಧ್ಯಾಪಕರ ಕೊಠಡಿಗೆ ಹೋಗಿ ಕನ್ನಡದಲ್ಲಿ ಕೇಳಿದರಾಯಿತು. ಅವರಲ್ಲಿ ಅನೇಕರು ಇಂಥದೇ ಹಳ್ಳಿಗಳಿಂದ, ಇಂಥದೇ ಶಾಲೆಗಳಿಂದ ಬಂದವರು.

ಪ್ರಯೋಗಶಾಲೆಯು ಮೊದಲ ವರ್ಷದ ಅತ್ಯಂತ ಸಂತೋಷದ ಸ್ಥಳವಾಗಬಲ್ಲದು. ಗ್ರಾಮಾಂತರದ ಅನೇಕ ಶಾಲೆಗಳಲ್ಲಿ ಗುರುಗಳು ಮೇಜಿನ ಮೇಲೆ ಮಾಡಿ ತೋರಿಸಿದ್ದನ್ನು ವಿದ್ಯಾರ್ಥಿಗಳು ದೂರದಿಂದ ನೋಡಿರುತ್ತಾರೆ. ಇಲ್ಲಿ ವರ್ನಿಯರ್ ಕ್ಯಾಲಿಪರ್ಸ್ ತನ್ನ ಕೈಗೇ ಬರುತ್ತದೆ. ಒಂದು ಸೆಂಟಿಮೀಟರಿನ ನೂರನೆಯ ಒಂದು ಭಾಗವನ್ನು ತನ್ನ ಕಣ್ಣೇ ಓದುತ್ತದೆ. ಬ್ಯೂರೆಟ್ಟಿನಿಂದ ಹನಿಹನಿಯಾಗಿ ಪ್ರತ್ಯಾಮ್ಲವನ್ನು ಬಿಡುತ್ತಿರುವಾಗ ಒಂದೇ ಒಂದು ಹನಿಗೆ ಫಿನಾಲ್ಫ್ತಲೀನ್ ಬೆರೆತ ದ್ರಾವಣವು ತಿಳಿಗುಲಾಬಿಗೆ ತಿರುಗುವುದನ್ನು ಕಂಡವನು ಅದನ್ನು ಮರೆಯಲಾರ. ಅವಸರಪಟ್ಟರೆ ಬಣ್ಣ ಗಾಢವಾಗಿ ಮೊದಲಿನಿಂದ ಮಾಡಬೇಕಾಗುತ್ತದೆ. ಆಗ ನೆರೆಯವನ ಅಂಕಿಗಳನ್ನು ನೋಡಿ ಬರೆದುಬಿಡುವ ಆಸೆ ಹುಟ್ಟುವುದು ಇಲ್ಲಿಯೇ. ಹೀಗೆ ಬರೆದ ದಾಖಲೆ ಪುಸ್ತಕವು ನೋಡಲು ಅಂದವಾಗಿರುತ್ತದೆ, ಅಷ್ಟೆ. ಪ್ರಯೋಗ ಪರೀಕ್ಷೆಯ ದಿನ ನೆರೆಯವನಿಗೆ ಬೇರೆಯೇ ಪ್ರಯೋಗ ಬಂದಿರುತ್ತದೆ.

ಪ್ರಥಮ ವರ್ಷವನ್ನು ಕುರಿತು ಪ್ರಚಲಿತವಿರುವ ಒಂದು ಭ್ರಮೆಯನ್ನು ಇಲ್ಲಿ ನಿವಾರಿಸಬೇಕು. ಈ ವರ್ಷದ ವಾರ್ಷಿಕ ಪರೀಕ್ಷೆಯು ದ್ವಿತೀಯ ವರ್ಷದಂತೆ ರಾಜ್ಯಮಟ್ಟದ ಮಂಡಳಿಯ ಪರೀಕ್ಷೆಯಲ್ಲ. ಇದರ ಅಂಕಗಳು ದ್ವಿತೀಯ ವರ್ಷದ ಅಂಕಪಟ್ಟಿಗೆ ಸೇರುವುದೂ ಇಲ್ಲ. ಇದನ್ನು ತಿಳಿದ ಹಿರಿಯ ವಿದ್ಯಾರ್ಥಿಗಳು ಕಿರಿಯರಿಗೆ 'ಈ ವರ್ಷ ಆರಾಮಾಗಿರಿ' ಎಂದು ಉಪದೇಶಿಸುತ್ತಾರೆ. ಈ ಉಪದೇಶದಷ್ಟು ಹಾನಿಕರವಾದದ್ದು ವಿರಳ. ಇಂಜಿನಿಯರಿಂಗ್ ಮೊದಲಾದ ವೃತ್ತಿಶಿಕ್ಷಣಕ್ಕೆ ರಾಜ್ಯವು ನಡೆಸುವ ಸಾಮಾನ್ಯ ಪ್ರವೇಶ ಪರೀಕ್ಷೆಯಲ್ಲಿ ಪ್ರತಿ ವಿಷಯಕ್ಕೆ 60 ಅಂಕಗಳ 60 ಪ್ರಶ್ನೆಗಳಿರುತ್ತವೆ. ಅವು ಎರಡೂ ವರ್ಷಗಳ ಪಾಠಗಳಿಂದ ಬರುತ್ತವೆ. ವೈದ್ಯಕೀಯಕ್ಕೆ ಬೇಕಾದ 720 ಅಂಕಗಳ ರಾಷ್ಟ್ರೀಯ ಪರೀಕ್ಷೆಯ ರೀತಿಯೂ ಇದೇ. ಚಲನೆಯ ನಿಯಮಗಳು, ಗುರುತ್ವ, ಉಷ್ಣಗತಿಶಾಸ್ತ್ರ, ತರಂಗಗಳು, ಗಣಿತದ ಮಿತಿ ಮತ್ತು ಅವಕಲನದ ಆರಂಭ, ಇವೆಲ್ಲ ಮೊದಲ ವರ್ಷದ ಪಾಠಗಳು. ಇವುಗಳ ಮೇಲೆಯೇ ದ್ವಿತೀಯ ವರ್ಷದ ಕಟ್ಟಡ ನಿಲ್ಲುತ್ತದೆ. ಅಷ್ಟೇ ಅಲ್ಲದೆ ಮೊದಲ ವರ್ಷದಲ್ಲಿ ಉತ್ತೀರ್ಣನಾಗದೆ ಎರಡನೆಯದಕ್ಕೆ ಹೋಗುವಂತಿಲ್ಲ. ಪ್ರತಿ ವಿಷಯದಲ್ಲಿ ಶೇಕಡಾ 75ರಷ್ಟು ಹಾಜರಿ ಇಲ್ಲದವನು ಪರೀಕ್ಷೆಗೆ ಕೂರುವಂತೆಯೂ ಇಲ್ಲ. ಬಿತ್ತನೆಯ ಹಂಗಾಮಿನಲ್ಲಿ ಹದಿನೈದು ದಿನ, ಜಾತ್ರೆಗೆ ಒಂದು ವಾರ, ಮದುವೆಗಳಿಗೆ ಇನ್ನೊಂದು ವಾರ ಎಂದು ಗೈರುಹಾಜರಾಗುವವನು ಈ ಲೆಕ್ಕವನ್ನು ಮೊದಲೇ ಹಾಕಿಕೊಳ್ಳತಕ್ಕದ್ದು.

ವಸತಿಯ ವಿಷಯ. ಮಠದ ಪ್ರಸಾದ ನಿಲಯದಲ್ಲಿ ಬೆಳಗಿನ ಗಂಟೆ ಎಬ್ಬಿಸುತ್ತಿತ್ತು, ಪ್ರಾರ್ಥನೆಯ ಗಂಟೆ ಕರೆಯುತ್ತಿತ್ತು, ಪ್ರಸಾದದ ಗಂಟೆ ಕೂರಿಸುತ್ತಿತ್ತು. ಪಟ್ಟಣದ ಬಾಡಿಗೆ ಕೋಣೆಯಲ್ಲಿ ಯಾವ ಗಂಟೆಯೂ ಇಲ್ಲ. ಅಲ್ಲಿರುವುದು ಕೈಯಲ್ಲಿನ ದೂರವಾಣಿ ಯಂತ್ರ. ಅದು ರಾತ್ರಿ ಒಂದರವರೆಗೆ ಎಚ್ಚರವಾಗಿರಿಸುತ್ತದೆ, ಬೆಳಿಗ್ಗೆ ಎಬ್ಬಿಸುವುದಿಲ್ಲ. ಅದರಲ್ಲಿ ಉತ್ತಮ ಪಾಠಗಳೂ ದೊರೆಯುತ್ತವೆಯೆಂಬುದು ಸತ್ಯ. ಆದರೆ ಪಾಠಕ್ಕೆಂದು ತೆರೆದದ್ದು ಪಾಠದಲ್ಲಿಯೇ ಮುಚ್ಚಿತೇ ಎಂಬುದನ್ನು ಅವರವರೇ ಕೇಳಿಕೊಳ್ಳಬೇಕು. ಸರ್ಕಾರದ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳಿಗೂ ವಿದ್ಯಾರ್ಥಿವೇತನಗಳಿಗೂ ಅವಧಿಯೊಳಗೆ ಅರ್ಜಿ ಹಾಕುವುದು ಅವಶ್ಯ. ನಿಲಯದಲ್ಲಿ ಸ್ಥಳ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗಾಗಿ 'ವಿದ್ಯಾಸಿರಿ' ಎಂಬ ಊಟ ಮತ್ತು ವಸತಿಯ ಸಹಾಯ ಯೋಜನೆಯಿದೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ರಾಜ್ಯದ ಹುಡುಗಿಯರಿಗೆ ಸಾರಿಗೆ ಸಂಸ್ಥೆಗಳ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿನ ಚಿಂತೆ ತಪ್ಪಿತು. ಬಸ್ಸೇ ಬಾರದ ಊರುಗಳ ಚಿಂತೆ ಬೇರೆ. ಸಂಜೆಯ ಕೊನೆಯ ಬಸ್ಸು ನಾಲ್ಕೂವರೆಗೆ ಹೊರಟು, ಪ್ರಯೋಗ ತರಗತಿ ಐದಕ್ಕೆ ಮುಗಿಯುವ ಕಡೆ ಬುದ್ಧಿವಂತ ಹುಡುಗಿಯ ಓದು ನಿಲ್ಲಲು ಮತ್ತೇನೂ ಬೇಕಿಲ್ಲ. ಇಂಥ ಪ್ರಸಂಗದಲ್ಲಿ ಪಾಲಕರು ಮಗಳನ್ನು ಬಿಡಿಸುವ ಮೊದಲು ಪ್ರಾಚಾರ್ಯರನ್ನು ಕಂಡು ವೇಳಾಪಟ್ಟಿಯ ಬಗ್ಗೆ ಮಾತನಾಡುವುದು, ನಾಲ್ಕಾರು ಊರಿನವರು ಸೇರಿ ಸಾರಿಗೆ ಘಟಕಕ್ಕೆ ಮನವಿ ಕೊಡುವುದು ಸಾಧ್ಯವಿದೆ; ಬಸ್ಸಿನ ವೇಳೆ ಬದಲಾದದ್ದೂ ಉಂಟು.

ಹಿರಿಯ ವಿದ್ಯಾರ್ಥಿಗಳು ಹೊಸಬರನ್ನು ಪೀಡಿಸುವ 'ರ‍್ಯಾಗಿಂಗ್' ಎಂಬ ಅನಿಷ್ಟವನ್ನು 1983ರ ಕರ್ನಾಟಕ ಶಿಕ್ಷಣ ಅಧಿನಿಯಮವು ಶಿಕ್ಷಾರ್ಹ ಅಪರಾಧವೆಂದು ಸಾರಿದೆ. ಸಹಿಸಿಕೊಳ್ಳುವುದು ದೊಡ್ಡ ಗುಣವೆಂದು ತಿಳಿದು ಸುಮ್ಮನಿರುವುದು ಸಲ್ಲದು.

ದೂರುಗಳಿಗಿಂತ ಕಷ್ಟವಾದದ್ದು ಮೌನ. ಅಕ್ಟೋಬರಿನಲ್ಲಿ ಮಧ್ಯಾವಧಿ ಪರೀಕ್ಷೆ ಮುಗಿಸಿ ಮಗ ಊರಿಗೆ ಬರುತ್ತಾನೆ. ಭೌತಶಾಸ್ತ್ರದಲ್ಲಿ ಹದಿನೇಳು, ಗಣಿತದಲ್ಲಿ ಇಪ್ಪತ್ತೊಂದು. ಎಸ್.ಎಸ್.ಎಲ್.ಸಿ.ಯಲ್ಲಿ ಊರಿಗೇ ಮೊದಲನೆಯವನಾಗಿ ಶಾಲು ಹೊದಿಸಿಕೊಂಡವನು. ತಂದೆ ಹೊಲದಿಂದ ಬಂದು ಕಾಲು ತೊಳೆಯುತ್ತ ಕೇಳುತ್ತಾನೆ: "ಹೆಂಗೈತಿ ತಮ್ಮಾ ಕಾಲೇಜು?" ಮಗ ಹೇಳುತ್ತಾನೆ: "ಚಲೋ ಐತ್ರಿ ಅಪ್ಪಾ." ಇಬ್ಬರೂ ಮುಂದೆ ಮಾತನಾಡುವುದಿಲ್ಲ. ಮಗನು ಹೇಳದಿರುವುದು ಭಯದಿಂದಲ್ಲ. ಸಾಲ ಮಾಡಿ ಶುಲ್ಕ ಕಟ್ಟಿದ ತಂದೆಯ ಮುಖ ಬಾಡಬಾರದೆಂಬ ಪ್ರೀತಿಯಿಂದ. ಆ ಪ್ರೀತಿಯೇ ಅವನನ್ನು ಒಳಗೊಳಗೆ ಸುಡುತ್ತದೆ. ಇಂಥ ಹುಡುಗರು ನಿದ್ರೆಗೆಟ್ಟು, ಊಟ ಬಿಟ್ಟು, ಕೆಲವೊಮ್ಮೆ ಮಾಡಿಕೊಳ್ಳಬಾರದ್ದನ್ನು ಮಾಡಿಕೊಂಡು ಮನೆಯನ್ನು ಶಾಶ್ವತ ದುಃಖಕ್ಕೆ ಗುರಿಮಾಡಿದ್ದಾರೆ. ಹದಿನೇಳು ಅಂಕವು ಬುದ್ಧಿಯ ಅಳತೆಯಲ್ಲ. ಭಾಷೆ ಬದಲಾದ ನಾಲ್ಕು ತಿಂಗಳ ಅಳತೆ ಮಾತ್ರ. ಅದನ್ನು ತಂದೆಗೆ ಹೇಳಲಾರದವನು ತನ್ನ ಹಳೆಯ ಪ್ರೌಢಶಾಲೆಯ ಗುರುಗಳಿಗಾದರೂ ಹೇಳಬೇಕು. ರಜೆಯಲ್ಲಿ ಅವರ ಮನೆಯ ಬಾಗಿಲು ತೆರೆದಿರುತ್ತದೆ. ಮನಸ್ಸು ತೀರ ಕುಗ್ಗಿದಾಗ, ಹಗಲಾಗಲಿ ರಾತ್ರಿಯಾಗಲಿ, 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಶುಲ್ಕವಿಲ್ಲದೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಪಾಲಕರಾದವರು ಅಂಕವನ್ನು ಕೇಳುವ ಬದಲು 'ಯಾವ ಪಾಠ ತಿಳೀವಲ್ದು?' ಎಂದು ಕೇಳಿದರೆ ಉತ್ತರ ಬರುವ ಸಂಭವ ಹೆಚ್ಚು. ವಾರ್ಷಿಕ ಪರೀಕ್ಷೆಯಲ್ಲಿ ತಪ್ಪಿದರೂ ಪೂರಕ ಪರೀಕ್ಷೆ ಇದೆ. ಅದರಲ್ಲಿ ಗೆದ್ದು ಮುಂದೆ ಹೋಗಿ ವೈದ್ಯರೂ ಅಧ್ಯಾಪಕರೂ ಆದವರಿಗೆ ಕೊರತೆಯಿಲ್ಲ.

ಪರೀಕ್ಷೆ ಮುಗಿದು ಕಾಲೇಜು ಆರಂಭವಾಗುವ ನಡುವಿನ ವಾರಗಳು ಸಾಮಾನ್ಯವಾಗಿ ವ್ಯರ್ಥವಾಗುತ್ತವೆ. ಹತ್ತನೆಯ ತರಗತಿಯ ವಿಜ್ಞಾನ ಮತ್ತು ಗಣಿತದ ಪುಸ್ತಕಗಳನ್ನು ರದ್ದಿಗೆ ಹಾಕದೆ ಇರಿಸಿಕೊಂಡು, ಅದೇ ಪುಸ್ತಕದ ಇಂಗ್ಲಿಷ್ ಮಾಧ್ಯಮದ ಪ್ರತಿಯೊಂದನ್ನು ಯಾರಿಂದಲಾದರೂ ಎರವಲು ಪಡೆದು, ಎರಡನ್ನೂ ಪಕ್ಕಪಕ್ಕದಲ್ಲಿ ತೆರೆದಿಟ್ಟು ದಿನಕ್ಕೆ ಎರಡು ಪುಟ ಗಟ್ಟಿಯಾಗಿ ಓದಬಹುದು. ಪಾಠ ಮೊದಲೇ ತಿಳಿದದ್ದಾದುದರಿಂದ ಕಲಿಯಬೇಕಾದದ್ದು ಪದಗಳನ್ನು ಮಾತ್ರ. ಹೀಗೆ ಜೂನ್ ತಿಂಗಳ ಮೊದಲ ತರಗತಿಗೆ ಹೋಗುವಾಗ 'ಮೊಮೆಂಟಮ್' ಯಾರೆಂದು ಗೊತ್ತಿರುತ್ತದೆ. ಅದೇ ವಾರಗಳಲ್ಲಿ ನಾಡಕಚೇರಿಗೆ ಹೋಗಿ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಮಾಡಿಸಿಕೊಳ್ಳುವುದು, ಬ್ಯಾಂಕಿನ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ವಿಚಾರಿಸುವುದು, ಅಂಕಪಟ್ಟಿಯಲ್ಲಿಯೂ ಆಧಾರ್ ಚೀಟಿಯಲ್ಲಿಯೂ ಹೆಸರಿನ ಅಕ್ಷರಗಳು ಒಂದೇ ರೀತಿ ಇವೆಯೇ ಎಂದು ನೋಡುವುದು ಮೇಲು. 'ಬಸವರಾಜ' ಒಂದರಲ್ಲಿ 'ಬಸಪ್ಪ'ನಾಗಿ ಇನ್ನೊಂದರಲ್ಲಿ ಉಳಿದಿದ್ದರೆ ವಿದ್ಯಾರ್ಥಿವೇತನವು ಇಬ್ಬರಿಗೂ ಬರುವುದಿಲ್ಲ.